ಷರಾ

ಹನ್ನೊಂದು ವರ್ಷ ಈ ಕುರ್ಚಿಯಲ್ಲಿ ಕೂತು
ಊರ ಮಾತನ್ನೆಲ್ಲ ಬೆರಳಿನಿಂದ ಕೇಳಿದ್ದೇನೆ:
ಬದುವಿನ ಜಗಳ, ಬಾಡಿಗೆ ಬಾಕಿ, ಬೌನ್ಸಾದ ಚೆಕ್ಕು.
ಕಿವಿಗೆ ಬಿದ್ದದ್ದು ಎದೆಗೆ ಹೋಗದೆ
ನೇರ ಬೆರಳಿಗಿಳಿದರೆ ಒಳ್ಳೆಯ ಟೈಪಿಸ್ಟು ಅನ್ನುತ್ತಾರೆ
ಚಿತ್ರದುರ್ಗದ ಕೋರ್ಟಿನಲ್ಲಿ.
ನಾನು ಒಳ್ಳೆಯ ಟೈಪಿಸ್ಟು.

ಇವತ್ತು ಬಾಗಿಲು ಹಾಕಿದ ವಿಚಾರಣೆ.
ಖಾಸಿಂಸಾಬರು ಹೆಸರು ಕೂಗಲಿಲ್ಲ, ಕೂಗುವಂತಿಲ್ಲ.
ಬಾಗಿಲ ಸಂದಿಯಲ್ಲಿ ಬಗ್ಗಿ
ಮೊಮ್ಮಗನನ್ನು ನಿದ್ದೆಯಿಂದ ಎಬ್ಬಿಸುವ ದನಿಯಲ್ಲಿ
"ಬಾರಪ್ಪ" ಅಂದರು.

ಹಸಿರು ಪರದೆಯ ಈಚೆ ಹುಡುಗ.
ಆಗ ಒಂಬತ್ತು, ಈಗ ಹದಿನಾಲ್ಕು.
ಮೀಸೆ ಚಿಗುರುವ ಜಾಗದಲ್ಲಿ ಬೆವರು.
ಪರದೆಯ ಆಚೆ ಒಂದು ಕೆಮ್ಮು.
ಆ ಕೆಮ್ಮು ನನಗೆ ಗೊತ್ತು.
ಮಗಳ ನಾಮಕರಣದ ದಿನ
ಅದರ ಹಿಂದೆಯೇ ಅಕ್ಷತೆ ಬಿದ್ದಿತ್ತು ನಮ್ಮ ತಲೆಗಳ ಮೇಲೆ.

ಯಾವ ದಿನ? ಆರೋಪಿ ಕಡೆಯ ವಕೀಲರು ಕೇಳಿದರು.
"ಗೋಧಿ ಹುಗ್ಗಿ ಮಾಡಿದ್ರಲ್ಲ, ಅವತ್ತು."
ತಾರೀಖು?
"ಹಾಸ್ಟೆಲ್ಲಾಗೆ ತಾರೀಖು ಇರಲಿಲ್ಲ ಸಾರ್, ಊಟ ಇತ್ತು."
ಸಾಹೇಬರು ತಿರುಗಿಸಿ ಹೇಳಿದರು, ನಾನು ಹೊಡೆದೆ:
ಸಾಕ್ಷಿಗೆ ದಿನಾಂಕ ನೆನಪಿರುವುದಿಲ್ಲ.

"ದೊಡ್ಡೋರು ಕರೀತಾರೆ ಅಂದ್ರು, ಹೋದೆ.
ಹೊಟ್ಟೆ ಒಳಗೆ ಬಾವಿ ಕಲ್ಲು ಬಿದ್ದಂಗಾತು."
ಸಾಕ್ಷಿಯು ಭಯಗೊಂಡಿರುತ್ತಾನೆ.

"ಅವ್ವಗೆ ಹೇಳಿದೆ. ಅವ್ವ ನನ್ನ ಬಾಯಿ ಮುಚ್ಚಿದ್ಲು.
ಆಮ್ಯಾಲೆ ತನ್ನ ಬಾಯಿ ಮುಚ್ಕಂಡು ಅತ್ಲು."
ಸಾಕ್ಷಿಯು ವಿಷಯವನ್ನು ತಾಯಿಗೆ ತಿಳಿಸಿರುತ್ತಾನೆ.

ಸಾಹೇಬರು ಕೆಟ್ಟವರಲ್ಲ.
ನೀರು ತರಿಸಿದರು, ಫ್ಯಾನು ಅವನ ಕಡೆ ತಿರುಗಿಸಿದರು.
ಕಾನೂನಿಗೂ ಒಂದು ಕನ್ನಡವಿದೆ,
ಅದರಲ್ಲಿ ಬಾವಿಯಿಲ್ಲ, ಅಷ್ಟೇ.

ಅಲ್ಲಿ ನಿನಗೆ ಅನ್ನ ಹಾಕಿದರು ಎಂದರೆ ಸರಿಯೇ?
"ಸರಿ."
ಕಂಬಳಿ, ಪುಸ್ತಕ, ಎರಡು ಜೊತೆ ಬಟ್ಟೆ?
"ಸರಿ."
ಅಕ್ಷರ ಕಲಿಸಿದರು?
"ಸರಿ."
ಹಾಗಿದ್ದರೆ ಉಂಡ ಮನೆಗೆ ಎರಡು ಬಗೆಯೋದನ್ನ
ಯಾರು ಹೇಳಿಕೊಟ್ಟರಪ್ಪ?

ಹುಡುಗ ಸುಮ್ಮನಾದ.
ಇದಕ್ಕೆ ನನ್ನ ಹತ್ತಿರ ಕೀಲಿಯಿಲ್ಲ.
ಇರುವುದರಲ್ಲಿ ಉದ್ದನೆಯದೊಂದಿದೆ,
ಎಷ್ಟು ಒತ್ತಿದರೂ ಏನೂ ಮೂಡುವುದಿಲ್ಲ.
ಗವಾಕ್ಷಿಯಲ್ಲಿ ದೂರದ ಗುಡ್ಡದ ಮೇಲೊಂದು ಗಾಳಿಯಂತ್ರ
ತಿರುಗಿತು, ನಿಂತಿತು, ಮತ್ತೆ ತಿರುಗಿತು.
ಸಾಕ್ಷಿ ಉತ್ತರಿಸಲಿಲ್ಲ ಅಂತ ಬರ್ಕೊಳ್ಳಲಿ ಸ್ವಾಮಿ, ಅಂದರು ವಕೀಲರು.
ನಾನು ಬೆರಳೆತ್ತಿ ಕೂತೆ.
ಸಾಹೇಬರೂ ಹೇಳಲಿಲ್ಲ.

ಆಮೇಲೆ, ಪರದೆಯ ಕಡೆಗೇ ಮುಖಮಾಡಿ:
"ಅನ್ನದ ಲೆಕ್ಕ ಬ್ಯಾರೆ ಸಾರ್.
ಭಾನುವಾರ ಭಾನುವಾರ ಗಾರೆ ಹೊರ್ತೀನಿ, ಅದನ್ನ ತೀರಿಸ್ತೀನಿ.
ಇದರ ಲೆಕ್ಕ ಯಾರು ತೀರಿಸ್ತಾರೆ, ಕೇಳ್ರಿ."

ಯಾರೂ ಹೇಳುವ ಮೊದಲೇ ನನ್ನ ಬೆರಳು ಓಡಿತ್ತು.
ಬ್ಯಾರೆ ಎಂದರೆ ಬ್ಯಾರೆ. ಹೊರ್ತೀನಿ ಎಂದರೆ ಹೊರ್ತೀನಿ.
ಸಾಹೇಬರು ಪರದೆ ಮೇಲೆ ಓದಿದರು.
ಹೊಡೆದು ಹಾಕಿಸಬಹುದಿತ್ತು.
"ಇರಲಿ" ಅಂದರು. ಸ್ವಲ್ಪ ತಡೆದು, "ಷರಾ ಹಾಕಿ:
ನಾಲ್ಕು ನಿಮಿಷ ಮೌನವಾಗಿದ್ದು
ತಲೆಯೆತ್ತಿ ಉತ್ತರಿಸಿರುತ್ತಾನೆ."

ಪ್ರತಿ ಹಾಳೆಗೂ ರುಜು ಹಾಕಿದ ಹುಡುಗ,
ಗುಂಡಗೆ, ಒತ್ತಿ ಒತ್ತಿ,
ಅಲ್ಲೇ ಕಲಿತ ಅಕ್ಷರದಲ್ಲಿ.

ಮುಂದಿನ ತಾರೀಖು ಇಪ್ಪತ್ತಮೂರು.
ಬೇವಿನ ಕೆಳಗೆ ಬುತ್ತಿ ಬಿಚ್ಚದೆ ಕೂತಿದ್ದ ತಾಯಿ
ಖಾಸಿಂಸಾಬರನ್ನು ಕೇಳಿದಳು:
"ಇನ್ನೊಂದ್ಸಲ ಹೇಳಬೇಕಾ, ಎಲ್ಲಾನೂ?"
ಅವರು ಟೋಪಿ ತೆಗೆದು ನೆತ್ತಿ ಒರೆಸಿಕೊಂಡರು,
ಚಳ್ಳಕೆರೆ ಬಸ್ಸು ಎಷ್ಟೊತ್ತಿಗೆ ಅಂತ ಮಾತ್ರ ಹೇಳಿದರು.

ಮನೆಗೆ ಬಂದೆ. ಯಾಕೆ ತಡ, ಅಂದರು ಅತ್ತೆ.
ಹೇಳುವಂತಿಲ್ಲ.
ಅಡುಗೆಮನೆ ಗೋಡೆಯಲ್ಲಿ ಮಠದ ಕ್ಯಾಲೆಂಡರು,
ಎತ್ತಿದ ಕೈಯ ಕೆಳಗೆ
ನಮ್ಮ ಹಾಲಿನ ಲೆಕ್ಕ: ಅರ್ಧ, ಅರ್ಧ, ಒಂದು, ಬಂದಿಲ್ಲ, ಅರ್ಧ.
ಮಗಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು
ಒಂದೊಂದೇ ಅಂಕಿ ಇಳಿಸತೊಡಗಿದೆ.
ಅತ್ತೆ ನೋಡುತ್ತಾ ನಿಂತರು.
ಒಲೆಯ ಮೇಲೆ ಏನೋ ಸೀಯುತ್ತಿತ್ತು,
ಇಬ್ಬರೂ ಹೋಗಲಿಲ್ಲ.