ಗ್ರಾಸ್, ಟೇರ್, ನೆಟ್

ಮೂವತ್ತೊಂದು ವರ್ಷ ಪಣಂಬೂರಿನ ವೇಬ್ರಿಜ್ಜಿನಲ್ಲಿ ಕೂತು
ಲಾರಿ ತೂಗಿದವನು ನಾನು.
ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ,
ಕಳೆದರೆ ಉಳಿಯುವುದು ಅದಿರೋ, ಗೊಬ್ಬರವೋ.
ಈಗ ಕಂಕನಾಡಿಯ ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ
ನನ್ನನ್ನೇ ನಿಲ್ಲಿಸಿ ತೂಗುತ್ತಾರೆ,
ಸೂಜಿ ಚುಚ್ಚುವ ಮೊದಲು, ಸೂಜಿ ಕಿತ್ತ ಮೇಲೆ.
ಕಳೆದರೆ ಉಳಿಯುವುದು ಬರೀ ನೀರು.

ಸೋಮವಾರ ಲಿಗೋರಿಯ ಪದ್ಮಿನಿ.
ಎಂಬತ್ತಾರನೇ ಇಸವಿಯದ್ದು, ಹಂಚಿನ ಬಣ್ಣ;
ಹಂಚಿನ ಕಾರ್ಖಾನೆಯಲ್ಲಿ ಸವೆದವನ ಕಾರಿಗೆ
ಬೇರೆ ಬಣ್ಣ ಉಂಟಾ?
ಚೋಕ್ ಎಳೆದು, ಕೊಂಕಣಿಯಲ್ಲಿ ಒಂದು ಬೈದು,
ಮತ್ತೆ ಚೋಕ್ ಎಳೆದರೆ
ಕೆಮ್ಮಿ, ಎದ್ದು ಕೂರುತ್ತದೆ.
ಸೀಟಿನ ಸ್ಪ್ರಿಂಗಿಗೆ ನನ್ನ ಬೆನ್ನಿನ ಮಣಿಗಳ ಎಣಿಕೆ ಬಾಯಿಪಾಠ.
ಎಡಬಾಗಿಲಿನ ಚಿಲಕ ಸಡಿಲ.
ಬೈಕಂಪಾಡಿಯಿಂದ ನಂತೂರು ದಾಟುವವರೆಗೂ
ಎದೆಯ ಮೇಲಿಂದ ಬಲಗೈ ಚಾಚಿ ನಾನು ಅದನ್ನು ಹಿಡಿದಿರಬೇಕು.
ಎಡಗೈಯನ್ನು ಯಾವುದಕ್ಕೂ ಕೊಡುವಂತಿಲ್ಲ,
ಅಲ್ಲಿ ಡಾಕ್ಟರು ಜೋಡಿಸಿದ ನರದೊಳಗೆ ರಕ್ತ
ಬೆಕ್ಕಿನ ಹಾಗೆ ಗುರುಗುಟ್ಟುತ್ತಿರುತ್ತದೆ.

ಗುರುವಾರ ನಝೀಮಾ ಟೀಚರ ಹೊಸ ಕಾರು.
ಕ್ಲಚ್ಚಿಲ್ಲ, ಗೇರು ತನಗೆ ತಾನೇ.
ಕೊಟ್ಟಾರ ಚೌಕಿಯ ಹೊಂಡಗಳು
ಯಾರದೋ ಮನೆಯ ಜಗಳದಂತೆ
ದೂರದಲ್ಲೆಲ್ಲೋ ಕೇಳಿಸುತ್ತವೆ.
ಸುಳ್ಳು ಯಾಕೆ, ಸುಖ ಉಂಟು.
ರಕ್ತ ತೊಳೆಸಿಕೊಂಡು ಬರುವ ದಾರಿಯಲ್ಲಿ
ಆ ತಣ್ಣನೆಯ ಗಾಳಿಗೆ ಬಾಯಿ ತೆರೆದು ಮಲಗಿದ್ದೇನೆ.
ಲಿಗೋರಿಗೆ ಇದನ್ನು ಹೇಳಿಲ್ಲ.

ಅದರ ಸೀಟಿನೊಳಗೂ ಒಂದು ತೂಕದ ಯಂತ್ರ ಉಂಟಂತೆ.
ಟೀಚರು ಬಂದರಿನಿಂದ ತಂದ ಬಂಗುಡೆಯ ಚೀಲ ಇಟ್ಟರೆ
ಬೆಲ್ಟ್ ಹಾಕು, ಬೆಲ್ಟ್ ಹಾಕು ಎಂದು ಬಡಕೊಂಡಿತು.
ಮೀನನ್ನು ಮನುಷ್ಯ ಎಂದು ಬಗೆದ ಆ ಗುಮಾಸ್ತನ ಮೇಲೆ
ನನಗೆ ಕನಿಕರ.
ನಾನೂ ಒಮ್ಮೆ ಲಾರಿಯ ಮೇಲೆ ಮಲಗಿದ್ದ ಕ್ಲೀನರ್ ಹುಡುಗನನ್ನು
ಅದಿರಿನ ಲೆಕ್ಕಕ್ಕೆ ಬರೆದಿದ್ದೆ.

ಯಾವುದು ನಂಬಿಕೆಯದ್ದು ಮಾರಾಯ್ರೆ,
ಪಕ್ಕದ ಬೆಡ್ಡಿನ ತ್ಯಾಂಪಣ್ಣ ಶೆಟ್ರು ಕೇಳಿದರು.
ಲೆಕ್ಕ ಹೇಳಿದೆ.
ಎರಡು ವರ್ಷದಲ್ಲಿ ಲಿಗೋರಿಯದ್ದು ನಿಂತದ್ದು ಹದಿಮೂರು ಸಲ.
ಹದಿಮೂರು ಸಲವೂ ಬೋನೆಟ್ ಎತ್ತಿ,
ತಂತಿ, ಸಾಬೂನು, ಒಮ್ಮೆ ಅವನ ಹೆಂಡತಿಯ ಹೇರ್‌ಪಿನ್ನು,
ಏನೋ ಒಂದು ತುರುಕಿ
ಡಯಾಲಿಸಿಸ್ ಹೊತ್ತಿಗೆ ಮುಟ್ಟಿಸಿದ್ದಾನೆ.
ಟೀಚರದ್ದು ಒಂದೇ ಸಲ.
ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ರಾತ್ರಿ ಒಂಬತ್ತಕ್ಕೆ
ಹಳದಿ ದೀಪವೊಂದನ್ನು ಹೊತ್ತಿಸಿ ಸುಮ್ಮನಾಯಿತು.
ಎಲ್ಲಿ ನೋವು, ಎಂತ ನೋವು, ಒಂದು ಮಾತಿಲ್ಲ.
ಬಗ್ಗಿ ನೋಡಿದರೆ ಇಂಜಿನ್ನಿಗೂ ಮುಸುಕು.
ಲ್ಯಾಪ್‌ಟಾಪ್ ಹಿಡಿದ ಹುಡುಗ ಬರುವುದು ನಾಳೆಯಂತೆ.
ನಾವು ಬಂದದ್ದು ರಿಕ್ಷಾದಲ್ಲಿ.

ಹದಿಮೂರು ದೊಡ್ಡದೋ, ಆ ಒಂದು ದೊಡ್ಡದೋ, ನೀವೇ ಹೇಳಿ ಶೆಟ್ರೇ.
ಶೆಟ್ರಿಗೆ ನಿದ್ದೆ ಬಂದಿತ್ತು.

ಮೊನ್ನೆ ಹದಿನಾಲ್ಕನೆಯದು.
ಕೂಳೂರು ಸೇತುವೆಯ ನಟ್ಟನಡುವೆ, ಏಪ್ರಿಲಿನ ಬಿಸಿಲಿಗೆ
ಪದ್ಮಿನಿ ಕುದಿದು ಹೊಗೆಯಾಡಿತು.
ಹಿಂದೆ ಗ್ಯಾಸ್ ಟ್ಯಾಂಕರುಗಳ ಹಾರ್ನ್.
ಅದು ತಣಿಯುವವರೆಗೆ ಬೀಡಿ ಸೇದಿ,
ಬೈರಾಸಿನಲ್ಲಿ ಮುಚ್ಚಳ ತಿರುಪಿ
ಲಿಗೋರಿ ನೀರು ಹೊಯ್ದ.
ಎರಡು ಬಾಟಲಿ ಗಟಗಟ ಕುಡಿಯಿತು.
ನನಗೆ ದಿನಕ್ಕೆ ಮುಕ್ಕಾಲು ಲೀಟರ್, ಮಾತ್ರೆಯ ನೀರೂ ಸೇರಿ.
ಕೆಳಗೆ ಫಲ್ಗುಣಿ,
ಒಂದು ಇಡೀ ನದಿ, ಯಾರ ತೂಕಕ್ಕೂ ಸಿಗದೆ
ಸಮುದ್ರದ ಕಡೆ ಹೋಗುತ್ತಿತ್ತು.
ನಾನು ರೇಡಿಯೇಟರಿನ ಬಾಯನ್ನೇ ನೋಡುತ್ತ ನಿಂತಿದ್ದೆ.

ಲಿಗೋರಿ ತಿರುಗದೆಯೇ ಹೇಳಿದ,
"ಒಂದು ಗುಟುಕು ಉಳಿದಿದೆ. ಬೇಕಾ?"

ಬೆಚ್ಚಗಿತ್ತು. ಸ್ವಲ್ಪ ಪೆಟ್ರೋಲ್ ವಾಸನೆ.

ತೂಕದ ಮುಳ್ಳನ್ನು ನೋಡಿ ನರ್ಸ್ ಜೆಸಿಂತಾ ಹುಬ್ಬೇರಿಸಿದಳು,
"ದಾರಿಯಲ್ಲಿ ನೀರು ಕುಡಿದಿರಾ?"
ಮೂವತ್ತೊಂದು ವರ್ಷ ಒಂದು ಕಿಲೋ ಆಚೀಚೆ ಬರೆಯದವನು
ಚಪ್ಪಲಿ ಮೆಟ್ಟುತ್ತ
ಕುಡಿದದ್ದು ಕಾರು, ಅಂದೆ.