ಸಾಲಿಗೆ ಎಷ್ಟು?

ಶೆಪರ್ಟನ್ ಊರಿನ ಲೈಬ್ರರಿ, ಹಿಂದಿನ ಕೋಣೆ.
ಗುರುವಾರ ಐದೂವರೆ. ಹೊರಗೆ ನಲವತ್ತು ಡಿಗ್ರಿ,
ಪೇರ್ ಹಣ್ಣು ಹೇರಿದ ಲಾರಿಗಳು
ಡಬ್ಬಿ ಕಾರ್ಖಾನೆಯ ಕಡೆಗೆ ಸಾಲುಗಟ್ಟಿವೆ.
ಒಳಗೆ ಹನ್ನೊಂದು ಕುರ್ಚಿ, ಏಳು ಮಕ್ಕಳು,
ಒಂದು ತಟ್ಟೆ ಬಿಸ್ಕತ್ತು,
ಮತ್ತು ಕಾನೂನು ನೆರವು ಕೇಂದ್ರದ ಬ್ಯಾಡ್ಜು ಸಿಕ್ಕಿಸಿಕೊಂಡ ನಾನು.

ಮೊದಲು ನಾಟಕ. ನಾನು ಪೊಲೀಸು.
ಬ್ಯಾಡ್ಜು ಇದ್ದದ್ದೇ, ಟೋಪಿಯೊಂದು ಕಡಿಮೆ.
"ಏಯ್, ನಿಲ್ಲು. ಎಲ್ಲಿಗೆ?"
ಎಸ್ಪೆರಾನ್ಸ್ ನಿಂತಳು; ನಿಂತಿದ್ದೇ ತಡ
ಕೈ ಎರಡೂ ತಾವಾಗಿಯೇ ಜೇಬಿನಿಂದ ಹೊರಬಂದವು,
ಇಲ್ಲಿ ಯಾರೂ ಹೇಳಿಕೊಡದ ಪಾಠ.
ಹೇಳಿಕೊಟ್ಟದ್ದು ಆಮೇಲೆ ಬಂತು, ತಡವರಿಸುತ್ತ:
"ಯಾಕೆ ನಿಲ್ಲಿಸಿದಿರಿ, ಹೇಳಿ.
ನಿಮ್ಮ ಹೆಸರೇನು, ಯಾವ ಠಾಣೆ?"
ಕೇಳಿ ಅವಳಿಗೇ ನಗು;
ಪೊಲೀಸರಿಗೂ ಒಂದು ಹೆಸರಿರುತ್ತದೆಂದು
ಯೋಚಿಸಿಯೇ ಇರಲಿಲ್ಲವಂತೆ.

ಹೊಸಪೇಟೆಯ ಕೋರ್ಟಿನೆದುರು, ಬೇವಿನ ಮರದ ಬುಡದಲ್ಲಿ
ನನ್ನಪ್ಪ ಟೈಪ್‌ರೈಟರ್ ಇಟ್ಟುಕೊಂಡು ಕೂತಿರುತ್ತಿದ್ದ.
ಅರ್ಜಿಗೆ ಸಾಲಿನ ದರ.
ಬಡವರ ಸಂಕಟ ಮೂರೇ ಸಾಲಿಗೆ ಮುಗಿಯುತ್ತಿತ್ತು,
ಹೇಳಲಿಕ್ಕೆ ಇರಲಿಲ್ಲವೆಂದಲ್ಲ,
ನಾಲ್ಕನೆಯದಕ್ಕೆ ಚಿಲ್ಲರೆ ಇರಲಿಲ್ಲ.
"ಗೆದ್ದವ ಸೋತ, ಸೋತವ ಸತ್ತ" ಎನ್ನುತ್ತಿದ್ದ
ಸಂಜೆ ಬೆರಳಿನ ಮಸಿ ತೊಳೆಯುತ್ತ.
ಕೋರ್ಟಿನ ಮೆಟ್ಟಿಲು ಹಾಕಿದ ಅನ್ನ ಉಂಡು ಬೆಳೆದೆ,
ಮೆಟ್ಟಿಲನ್ನು ಮಾತ್ರ ಹತ್ತಬೇಡ ಅನ್ನಿಸಿಕೊಳ್ಳುತ್ತ.

ಇಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ:
ಗಂಟೆಗೆ ಎಷ್ಟು, ಚೀಟಿ ಎಲ್ಲಿ, ಕೊಡಬೇಕಾದವರು ಯಾರು.
ಕಾಯಿದೆಯ ಮಾತನ್ನು ಶೇಂಗಾ ಸುಲಿದಂತೆ ಸುಲಿದು
ಅಂಗೈಗೆ ಹಾಕುತ್ತೇನೆ.
ಹಿಂದಿನ ಕುರ್ಚಿಯಿಂದ ಸಖೀದಾದ್ ಕೈ ಎತ್ತಿದ.
ಹದಿನಾರು. ಉಗುರಿನ ಸಂದಿಯಲ್ಲಿ ಸೊನೆಯ ಕಪ್ಪು.
"ಆರು ವಾರ ಹಣ್ಣು ಕಿತ್ತೆ. ಪೆಟ್ಟಿಗೆ ಲೆಕ್ಕ. ಏನೂ ಕೊಟ್ಟಿಲ್ಲ.
ನೋಟೀಸು ಬರೆಯಬಹುದಾ?"
ಬರೆಯಬಹುದು, ಅಂದೆ, ಹುರುಪಿನಿಂದ ಪೆನ್ನು ತೆಗೆದು,
ಮೇಸ್ತ್ರಿಯ ಹೆಸರು ಹೇಳು.
"ನನ್ನ ಮಾಮ," ಅಂದ.
"ನಾವಿರೋದು ಅವರ ಮನೆಯಲ್ಲೇ."

ಫ್ಯಾನು ತಿರುಗಿತು. ಬಿಸ್ಕತ್ತಿನ ಪುಡಿ ಅಲುಗಿತು.
ಕಾಯಿದೆಗೆ ಮಾಮ ಇಲ್ಲ ಎಂಬುದು
ನನ್ನ ಟಿಪ್ಪಣಿಯ ಉತ್ತರ; ಸರಿಯಾದ ಉತ್ತರವೇ.
ಆದರೆ ರಾತ್ರಿ ಎಂಟಕ್ಕೆ ದಸ್ತರ್‌ಖಾನ್ ಹಾಸಿ
ಒಂದೇ ರೊಟ್ಟಿ ಮುರಿದು ಹಂಚುವಾಗ
ಕೊಡುವ ಕೈ ತೆಗೆದುಕೊಳ್ಳುವ ಕೈಯನ್ನು
ಹೇಗೆ ನೋಡುತ್ತದೆ ಎಂಬ ಕಲಮು
ಯಾವ ಪುಸ್ತಕದಲ್ಲಿದೆ?
ಗೊತ್ತಿಲ್ಲ, ಅಂದೆ.
ಆ ಸಂಜೆ ಮೊದಲ ಸಲ ಏಳೂ ಜನ
ಫೋನು ಕೆಳಗಿಟ್ಟು ನನ್ನನ್ನು ನೋಡಿದರು.

ಮುಂದಿನ ಗುರುವಾರ ಅವ ಬರಲಿಲ್ಲ. ಅದರ ಮುಂದಿನದೂ.
ಅವನ ಕುರ್ಚಿಯ ಮೇಲೆ ಕರಪತ್ರ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ.
ಎಸ್ಪೆರಾನ್ಸ್ ಸುದ್ದಿ ತಂದಳು: ತೋಟದ ಗೇಟಿನಲ್ಲಿ
ಮಾಮ ಕಾರು ನಿಲ್ಲಿಸಿದರೂ ಹತ್ತದೆ
ಇವನು ಎಂಟು ಕಿಲೋಮೀಟರ್ ನಡೆದನಂತೆ. ಅಷ್ಟೇ ಗೊತ್ತು.
ಅದು ಜಗಳವೋ, ಅವನ ಭಾಷೆಯ ನೋಟೀಸೋ.

ಮಾರ್ಚಿನ ಕೊನೆ. ಲಾರಿಗಳು ಕಡಿಮೆಯಾಗಿವೆ.
ಬಾಗಿಲ ಸಂದಿಯಲ್ಲಿ ಸಖೀದಾದ್,
ಅವನ ಮೊಣಕೈಗಿಂತ ತುಸುವೇ ಎತ್ತರದ ತಂಗಿ.
ಸಂಬಳ ಬಂತೇ ಎಂದು ನಾನು ಕೇಳಲಿಲ್ಲ,
ಅವ ಹೇಳಲೂ ಇಲ್ಲ. ಬಿಸ್ಕತ್ತು ಎರಡು ತೆಗೆದ,
ಒಂದನ್ನು ಅವಳಿಗೆ ಕೊಟ್ಟ.
ಅವಳು ತಿನ್ನಲಿಲ್ಲ. ಗೋಡೆ, ಬೋರ್ಡು, ನನ್ನ ಬ್ಯಾಡ್ಜು
ಎಲ್ಲ ಓದಿ ಮುಗಿಸಿ ಕೇಳಿದಳು:
"ಇಲ್ಲಿ ಒಂದು ಪ್ರಶ್ನೆಗೆ ಎಷ್ಟು?"

ಬೇವಿನ ನೆರಳಲ್ಲಿ ಟೈಪ್‌ರೈಟರಿನ ಗಂಟೆ
ಟಣ್ ಎಂದಿತು, ಸಾಲು ಮುಗಿಯಿತೆಂದು,
ಇನ್ನೊಂದಕ್ಕೆ ಚಿಲ್ಲರೆ ಇದೆಯೇ ಎಂದು.

ಕುರ್ಚಿ ಎಳೆದುಕೊಟ್ಟೆ.
ಕೂತುಕೋ, ಅಂದೆ.
ನಾಲ್ಕನೆಯ ಸಾಲಿನಿಂದ ಶುರು ಮಾಡು.