ರಸಮಟ್ಟ

ಡಂಡೀಯ ಹಳೆ ಕಲ್ಲುಕಟ್ಟಡ, ಎರಡನೇ ಮಹಡಿ.
ಇಷ್ಬೆಲ್ ಗೋಡೆಯಿಂದ ಗೋಡೆಗೆ ದಾರ ಬಿಗಿದಳು.
ನಡುವಲ್ಲಿ ದಾರಕ್ಕೆ ತಗುಲಿತು
ಚಾವಣಿಯ ಹೊಟ್ಟೆ; ಹಾಲು ಕುಡಿದು ಬಿದ್ದ ಬೆಕ್ಕಿನದು.

"ಮೇಲಿನವಳ ಪಿಯಾನೋ," ಅಂದ ಲಾಕ್ಲನ್ ಮುದುಕ,
"ಸರಿಯಾಗಿ ನನ್ನ ಮಂಚದ ಮೇಲೆ.
ಮೂವತ್ತು ವರ್ಷ ಒಂದೇ ಪಾಠ,
ಒಂದೇ ಕಡೆ ತಪ್ಪು."

ಗಾರೆ ಕೆಡವಿದೆವು. ಕುದುರೆಕೂದಲು, ಕಲ್ಲಿದ್ದಲ ಮಸಿ,
ನನ್ನ ಹಲ್ಲಿನಲ್ಲೂ ಸುಣ್ಣ.
ತೊಲೆಗೊಂದು ಪಟ್ಟಿ, ಪಟ್ಟಿಗೊಂದು ಚಕ್ಕೆ;
ಅವಳು "ಇನ್ನೊಂದು" ಅಂದಾಗೆಲ್ಲ ಕೊಡುತ್ತ ಹೋದೆ,
ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ
ಬಂದು ಕೂತು, ಅಲುಗದಾಗುವ ತನಕ.

ಆಗ ಕಿಟಕಿ ವಾಲಿತು.
ಬಾಗಿಲೂ. ನಿನ್ನೆಯವರೆಗೆ ನೆಟ್ಟಗಿದ್ದ ಬೀರು
ಕುಡಿದವನಂತೆ ಗೋಡೆಗೆ ಒರಗಿತು.
ಮನೆಯೆಲ್ಲ ಒಂದೇ ಸೊಟ್ಟಕ್ಕೆ ಒಗ್ಗಿಕೊಂಡಿತ್ತು;
ನಾವು ಒಬ್ಬರನ್ನಷ್ಟೇ ತಿದ್ದಿದ್ದೆವು.

ಇಷ್ಬೆಲ್ ಬಹಳ ಹೊತ್ತು ಚಹಾ ಕುಡಿದಳು.
ಆಮೇಲೆ ಹತ್ತಿ, ಕಿಟಕಿ ಕಡೆಯ ಚಕ್ಕೆ
ಒಂದೊಂದೇ ಕಿತ್ತು ನನ್ನ ಕೈಗಿಟ್ಟಳು,
ಅರ್ಧ ಬೆರಳಷ್ಟು. ರಸಮಟ್ಟ ಚೀಲ ಸೇರಿತು.

ಹಲಗೆ ಹೊಡೆದು, ಬಳಿದು, ಒಣಗಿದ ದಿನ
ಮುದುಕ ಬರಿ ನೆಲದ ಮೇಲೆ ಅಂಗಾತ ಮಲಗಿದ.
ಬೆರಳು ಮೇಲೆತ್ತಿ ತೋರಿಸಿದ:
"ಅವಳು ತಪ್ಪುತ್ತಿದ್ದುದು ಇಲ್ಲೇ."